ವಸಡಿನ ಸಂದಿಗಿಳಿದ ಕಾಗದದ ಕಡ್ಡಿ

ಹಲ್ಲೂ ವಸಡೂ ಅಂಟಿಕೊಂಡಂತೆ ಕಂಡರೂ ಅವುಗಳ ನಡುವೆ ಎಲ್ಲರ ಬಾಯಲ್ಲೂ ಸಣ್ಣದೊಂದು ಸಂದಿಯಿದೆ. ವಸಡು ಗಟ್ಟಿಯಾಗಿದ್ದರೆ ಅದರ ಆಳ ಸಾಮಾನ್ಯವಾಗಿ 3 ಮಿಲಿಮೀಟರ್ ದಾಟುವುದಿಲ್ಲ. ರೋಗ ತಗುಲಿ, ಹಲ್ಲನ್ನು ಹಿಡಿದಿಟ್ಟಿರುವ ನಾರು ಮತ್ತು ಮೂಳೆ ಕರಗತೊಡಗಿದರೆ ಸಂದಿ ಕೆಳಕ್ಕಿಳಿಯುತ್ತದೆ: 5, 7, ಕೆಲವೊಮ್ಮೆ 10 ಮಿಲಿಮೀಟರ್. ದಂತವೈದ್ಯರು ಇದನ್ನು ‘ಪಾಕೆಟ್’ ಎನ್ನುತ್ತಾರೆ. ಬ್ರಷ್ಷಿನ ಎಳೆ ಅಲ್ಲಿಗೆ ಮುಟ್ಟುವುದಿಲ್ಲ, ಬಾಯಿ ಮುಕ್ಕಳಿಸಿದ ನೀರು ಇಳಿಯುವುದಿಲ್ಲ, ಆಮ್ಲಜನಕ ತೀರಾ ಕಡಿಮೆ. ಗಾಳಿ ಸೋಕಿದರೆ ಸಾಯುವ ಬ್ಯಾಕ್ಟೀರಿಯಾಗಳಿಗೆ ಅದು ಹೇಳಿ ಮಾಡಿಸಿದ ಜಾಗ.

ಅಲ್ಲಿ ಯಾವ ಯಾವ ಬ್ಯಾಕ್ಟೀರಿಯಾಗಳಿವೆ, ಎಷ್ಟಿವೆ ಎಂದು ಕಂಡುಹಿಡಿಯುವ ಕೆಲಸ ಮೇಲುನೋಟಕ್ಕೆ ಯಂತ್ರದ್ದು ಎನ್ನಿಸುತ್ತದೆ. ಒಂದು ಕಡೆ ಮಾದರಿ ಹಾಕಿದರೆ ಇನ್ನೊಂದು ಕಡೆ ರಿಪೋರ್ಟ್ ಬರುತ್ತದೆ ಎಂದು ನಾವು ತಿಳಿದಿರುತ್ತೇವೆ. ಹತ್ತಿರ ಹೋಗಿ ನೋಡಿದರೆ ಅದರ ಬಹುಪಾಲು ಕೈಕೆಲಸವೇ. ಹದ, ಅಳತೆ, ಶುಚಿ, ಕಾಯುವ ತಾಳ್ಮೆ ಇವುಗಳ ಮೇಲೆ ನಿಂತದ್ದು. ಎಲ್ಲಕ್ಕಿಂತ ಮೇಲಾಗಿ, ಯಾವ ಪರೀಕ್ಷೆ ಯಾವ ಪ್ರಶ್ನೆಗಷ್ಟೇ ಉತ್ತರ ಕೊಡಬಲ್ಲದು ಎಂಬ ಅರಿವು ಈ ಕಸುಬಿನವರಿಗೆ ಬೇಕು.

ಮೊದಲು ನೋಡಿದವನು

ಹಲ್ಲಿನ ಪಾಚಿಯೊಳಗಿನ ಜೀವಿಗಳನ್ನು ಮೊದಲು ಕಂಡವನು ವೈದ್ಯನಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್. ತಾನೇ ತಯಾರಿಸಿದ ಪುಟ್ಟ ಮಸೂರದಡಿ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನಿಟ್ಟು, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು, 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಉಪ್ಪಿನಿಂದ ಹಲ್ಲುಜ್ಜುವ ರೂಢಿ ಅವನಿಗಿತ್ತು. ಆದರೂ ಪಾಚಿ ಉಳಿದಿತ್ತು. ಮುಂದೆ ಅವನು ಮಾಡಿದ್ದು ಇನ್ನೂ ಜಾಣತನದ ಕೆಲಸ. ವಿನೆಗರ್‌ನಿಂದ ಬಾಯಿ ಮುಕ್ಕಳಿಸಿ ನೋಡಿದ. ಪಾಚಿಯೊಳಗಿನ ಜೀವಿಗಳು ಸಾಯಲಿಲ್ಲ. ಪಾಚಿಯನ್ನು ಹೊರತೆಗೆದು, ಉಗುಳಿನಲ್ಲಿ ಕದಡಿ, ಅದಕ್ಕೆ ವಿನೆಗರ್ ಬೆರೆಸಿದ, ಸತ್ತವು. ಪದರಗಟ್ಟಿ ಕೂತವುಗಳಿಗೆ ಪದರವೇ ಕಾಪು ಎಂಬುದು ಅಂದೇ ಕಣ್ಣಿಗೆ ಬಿದ್ದಿತ್ತು. ಪಾಚಿಯನ್ನು ಕೆರೆದು ತೆಗೆಯದೆ ಬರೀ ಮಾತ್ರೆ ನುಂಗಿದರೆ ವಸಡಿನ ರೋಗ ಏಕೆ ಹೋಗದು ಎಂಬುದಕ್ಕೆ ಇಂದಿನ ವೈದ್ಯರು ಕೊಡುವ ಕಾರಣಗಳಲ್ಲಿ ಇದೂ ಒಂದು.

ಪಾಚಿಗೂ ವಸಡಿನ ಊತಕ್ಕೂ ಇರುವ ನಂಟನ್ನು ಕರಾರುವಾಕ್ಕಾಗಿ ತೋರಿಸಿದ್ದು 1965ರಲ್ಲಿ, ಡೆನ್ಮಾರ್ಕಿನ ಆರ್ಹುಸ್‌ನಲ್ಲಿ. ಹಾರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅವರು ಆಗಾಗ ಪಾಚಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಮೊದಲು ದುಂಡು ಬ್ಯಾಕ್ಟೀರಿಯಾಗಳು, ಆಮೇಲೆ ಉದ್ದನೆಯ ಎಳೆಗಳು, ಕೊನೆಗೆ ತಿರುಪುತ್ತಾ ಸಾಗುವ ಸ್ಪೈರೋಕೀಟುಗಳು ಸರದಿಯಲ್ಲಿ ಬಂದವು. ಪಾಚಿ ಎಷ್ಟಿದೆ ಎಂಬುದರ ಜೊತೆಗೆ ಅದರಲ್ಲಿ ಏನಿದೆ ಎಂದೂ ಕೇಳಬೇಕು ಎಂಬ ಮಾತಿಗೆ ಅಲ್ಲಿಂದ ಬಲ ಬಂತು.

ಮಾದರಿ ತೆಗೆಯುವ ಕೈ

ಪರೀಕ್ಷೆಯ ಹಣೆಬರಹ ನಿರ್ಧಾರವಾಗುವುದು ಲ್ಯಾಬಿನಲ್ಲಲ್ಲ, ದಂತವೈದ್ಯರ ಕುರ್ಚಿಯಲ್ಲಿ. ಮೊದಲು ಪ್ರೋಬ್ ಎಂಬ ಗುರುತು ಕೊರೆದ ಸಪೂರ ಕಡ್ಡಿಯಿಂದ ಎಲ್ಲ ಹಲ್ಲುಗಳ ಸುತ್ತ ಆಳ ಅಳೆಯುತ್ತಾರೆ. ಒಂದೊಂದು ಹಲ್ಲಿಗೆ ಆರಾರು ಕಡೆ. ಒತ್ತಡ ಸುಮಾರು 25 ಗ್ರಾಂ ಮೀರಬಾರದು, ಮೀರಿದರೆ ಕಡ್ಡಿ ನಾರಿನೊಳಕ್ಕೇ ನುಗ್ಗುತ್ತದೆ. ಆಳದ ಪಾಕೆಟ್ಟುಗಳು ಯಾವುವೆಂದು ಗೊತ್ತಾದ ಮೇಲೆ, ಬಾಯಿಯ ನಾಲ್ಕೂ ಮೂಲೆಗಳಿಂದ ಒಂದೊಂದನ್ನು ಆರಿಸಿಕೊಳ್ಳುವುದು ಸಾಮಾನ್ಯ ಪದ್ಧತಿ.

ಆರಿಸಿದ ಹಲ್ಲಿನ ಸುತ್ತ ಹತ್ತಿಯ ಸುರುಳಿಗಳನ್ನಿಟ್ಟು ಉಗುಳು ಹರಿಯದಂತೆ ತಡೆಯುತ್ತಾರೆ. ವಸಡಿನಿಂದ ಮೇಲಕ್ಕೆ ಕಾಣುವ ಪಾಚಿಯನ್ನು ಪೂರ್ತಿ ಒರೆಸಿ ತೆಗೆಯುತ್ತಾರೆ, ಏಕೆಂದರೆ ಅದರಲ್ಲಿರುವುದು ಬೇರೆಯೇ ಬ್ಯಾಕ್ಟೀರಿಯಾಗಳ ಗುಂಪು. ಅದು ಬೆರೆತರೆ ಆಳದ ಕಥೆ ಕಲಸಿಹೋಗುತ್ತದೆ. ಆಮೇಲೆ ಜಾಗವನ್ನು ಮೆಲ್ಲಗೆ ಒಣಗಿಸಿ, ಕ್ರಿಮಿರಹಿತ ಪೇಪರ್ ಪಾಯಿಂಟನ್ನು ಚಿಮುಟದಲ್ಲಿ ಹಿಡಿದು ಪಾಕೆಟ್ಟಿನ ತಳಕ್ಕೆ ಇಳಿಸುತ್ತಾರೆ. ಇದು ಹಲ್ಲಿನ ಬೇರಿನ ಚಿಕಿತ್ಸೆಯಲ್ಲಿ ನಾಳ ಒಣಗಿಸಲು ಬಳಸುವ, ತುದಿ ಚೂಪಾದ ಕಾಗದದ ಕಡ್ಡಿ. ಹತ್ತಿಪ್ಪತ್ತು ಸೆಕೆಂಡು ಹಾಗೇ ಬಿಟ್ಟರೆ ಅಲ್ಲಿನ ದ್ರವವನ್ನೂ ಅದರಲ್ಲಿ ತೇಲುವ ಬ್ಯಾಕ್ಟೀರಿಯಾಗಳನ್ನೂ ಹೀರಿಕೊಳ್ಳುತ್ತದೆ. ಬೇರಿಗೆ ಕಚ್ಚಿಕೊಂಡ ಪದರವೇ ಬೇಕೆಂದರೆ ಕಾಗದ ಸಾಲದು. ಕ್ಯೂರೆಟ್ ಎಂಬ ಬಾಗಿದ ಉಪಕರಣದಿಂದ ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತದಲ್ಲಿ ಕೆರೆದು ತೆಗೆಯಬೇಕು. ಎರಡು ಬಗೆಯಲ್ಲಿ ತೆಗೆದ ಮಾದರಿಗಳು ಒಂದೇ ಉತ್ತರ ಕೊಡಬೇಕೆಂದಿಲ್ಲ. ಆದ್ದರಿಂದ ಚಿಕಿತ್ಸೆಗೆ ಮುಂಚೆ ಕಾಗದದಿಂದ ತೆಗೆದಿದ್ದರೆ ಚಿಕಿತ್ಸೆಯ ನಂತರವೂ ಕಾಗದದಿಂದಲೇ, ಅದೇ ಪಾಕೆಟ್ಟಿನಿಂದಲೇ ತೆಗೆಯಬೇಕು.

ನೆತ್ತರು ಬರದಂತೆ ತೆಗೆಯುವುದು ಇನ್ನೊಂದು ಕುಶಲತೆ. ರೋಗ ಬಂದ ವಸಡು ಮುಟ್ಟಿದರೆ ಸಾಕು, ಜಿನುಗುತ್ತದೆ. ರಕ್ತದಲ್ಲಿರುವ ಹೀಮ್ ಎಂಬ ಕಬ್ಬಿಣಯುಕ್ತ ವಸ್ತು ಮುಂದೆ ಪಿಸಿಆರ್ ಪರೀಕ್ಷೆಯ ಕಿಣ್ವಕ್ಕೇ ಅಡ್ಡಗಾಲು ಹಾಕುತ್ತದೆ. ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂಬ ಉತ್ತರ ಬರಬಹುದು. ಇತ್ತೀಚೆಗೆ ಆ್ಯಂಟಿಬಯೋಟಿಕ್ ನುಂಗಿದ್ದೀರಾ, ಔಷಧದ ಮೌತ್‌ವಾಶ್ ಬಳಸಿದ್ದೀರಾ ಎಂದು ಮಾದರಿಗೆ ಮುಂಚೆಯೇ ಕೇಳಬೇಕಾದದ್ದೂ ಇಂಥದೇ ಕಾರಣಕ್ಕೆ.

ಗಾಳಿ ಸೋಕದ ಪಯಣ

ಬ್ಯಾಕ್ಟೀರಿಯಾಗಳನ್ನು ಜೀವಂತವಾಗಿ ಬೆಳೆಸಿ ನೋಡಬೇಕಿದ್ದರೆ, ಅಂದರೆ ಕಲ್ಚರ್ ಮಾಡಬೇಕಿದ್ದರೆ, ಇನ್ನು ಮುಂದಿನ ಒಂದೊಂದು ನಿಮಿಷವೂ ಲೆಕ್ಕದ್ದು. ಪಾಕೆಟ್ಟಿನಿಂದ ಹೊರಬಂದ ಕೂಡಲೇ ಅವುಗಳಿಗೆ ಗಾಳಿಯ ಕಾಟ ಶುರು. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ 1960ರ ದಶಕದಲ್ಲೇ ಇದಕ್ಕೆಂದು ಒಂದು ಮಾಧ್ಯಮ ತಯಾರಾಯಿತು. 1972ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸೈಯದ್ ಮತ್ತು ಲೋಷೆ ಮತ್ತೊಂದನ್ನು ಹೊಂದಿಸಿದರು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಥಯೋಗ್ಲೈಕೊಲೇಟ್ ದ್ರಾವಣ. ಅದರಲ್ಲಿ ಬಣ್ಣದ ಸೂಚಕವೊಂದು ಇರುತ್ತದೆ. ಆಮ್ಲಜನಕ ಬೆರೆತ ಮೇಲ್ಭಾಗ ನಸುಗೆಂಪಾಗಿರುತ್ತದೆ, ಕೆಳಗೆ ಬಣ್ಣವಿಲ್ಲ. ಆ ಕೆಂಪು ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿದಿದ್ದರೆ ಬಾಟಲಿಯನ್ನು ಬಳಸುವ ಮುಂಚೆ ಒಮ್ಮೆ ಕುದಿಸಿ ಗಾಳಿ ಹೊರಹಾಕಬೇಕು. ಪೇಪರ್ ಪಾಯಿಂಟನ್ನು ಕೆಂಪು ಪದರ ದಾಟಿಸಿ ತಳಕ್ಕೆ ಬೀಳಿಸಿ, ಮುಚ್ಚಳ ಬಿಗಿದು ಕಳಿಸುತ್ತಾರೆ.

ಇಂಥ ಬಾಟಲಿಗಳು ಬಹುಕಾಲದಿಂದ ತಲುಪುವ ವಿಳಾಸವೊಂದು ಕರ್ನಾಟಕದಲ್ಲೇ ಇದೆ. ಬೆಳಗಾವಿಯ ಮರಾಠಾ ಮಂಡಳದ ನಾಥಾಜಿರಾವ್ ಹಲಗೇಕರ್ ದಂತ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಪ್ರಯೋಗಾಲಯದ ಹೆಸರನ್ನು ರಾಜ್ಯದ ಒಳಗಿನ, ಹೊರಗಿನ ಎಷ್ಟೋ ದಂತ ಕಾಲೇಜುಗಳ ಸಂಶೋಧನಾ ಲೇಖನಗಳಲ್ಲಿ ಕಾಣಬಹುದು. ವಸಡಿನ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿಗೆ ಓದುವವರು ತಮ್ಮ ಪ್ರಬಂಧದ ಮಾದರಿಗಳನ್ನು ಅಲ್ಲಿಗೆ ಕಳಿಸಿದ್ದಾರೆ.

ಲ್ಯಾಬಿನಲ್ಲಿ ಮಾದರಿಯನ್ನು ಚೆನ್ನಾಗಿ ಕದಡಿ, ಹಂತಹಂತವಾಗಿ ತೆಳುಮಾಡಿ, ರಕ್ತ ಬೆರೆಸಿದ ಅಗರ್ ತಟ್ಟೆಗಳ ಮೇಲೆ ಸವರುತ್ತಾರೆ. ಹೀಮಿನ್, ವಿಟಮಿನ್ ಕೆ ಸೇರಿಸದಿದ್ದರೆ ವಸಡಿನ ರೋಗಕಾರಕಗಳಲ್ಲಿ ಪ್ರಮುಖವಾದ ಪೊರ್ಫಿರೋಮೊನಾಸ್ ಜಿಂಜಿವಾಲಿಸ್ ಬೆಳೆಯಲು ಒಪ್ಪುವುದಿಲ್ಲ. ತಟ್ಟೆಗಳನ್ನು ಬಿಗಿಮುಚ್ಚಳದ ಜಾಡಿಯಲ್ಲಿಟ್ಟು ನೈಟ್ರೋಜನ್, ಹೈಡ್ರೋಜನ್, ಕಾರ್ಬನ್ ಡೈ ಆಕ್ಸೈಡ್ ತುಂಬುತ್ತಾರೆ. ಉಳಿದ ಚೂರುಪಾರು ಆಮ್ಲಜನಕ ಪಲೇಡಿಯಂ ಲೋಹದ ನೆರವಿನಿಂದ ಹೈಡ್ರೋಜನ್ ಜೊತೆ ಕೂಡಿ ನೀರಾಗುತ್ತದೆ. ಒಳಗಿಟ್ಟ ಮೆಥಿಲೀನ್ ಬ್ಲೂ ಪಟ್ಟಿಯ ನೀಲಿ ಮಾಯವಾದರೆ ಜಾಡಿ ಸರಿಯಾಗಿದೆ ಎಂದರ್ಥ.

ಆಮೇಲಿನದು ಕಾಯುವ ಕೆಲಸ, ಒಂದರಿಂದ ಎರಡು ವಾರ. ಜಿಂಜಿವಾಲಿಸ್ ಕಾಲನಿಗಳು, ಅಂದರೆ ತಟ್ಟೆಯ ಮೇಲೆ ಗುಂಪಾಗಿ ಬೆಳೆದ ಚುಕ್ಕೆಗಳು, ಮೊದಲು ಬಿಳಿಚಾಗಿರುತ್ತವೆ. ದಿನ ಕಳೆದಂತೆ ಅಂಚಿನಿಂದ ನಡುವಿನತ್ತ ಕಪ್ಪಾಗುತ್ತ ಬರುತ್ತವೆ. ರಕ್ತದಿಂದ ಕಿತ್ತುಕೊಂಡ ಹೀಮ್ ಅನ್ನು ಮೈಮೇಲೆ ಸೇರಿಸಿಕೊಳ್ಳುವುದರಿಂದ ಬರುವ ಕಪ್ಪು ಅದು. ಪ್ರಿವೊಟೆಲ್ಲಾ ಇಂಟರ್ಮೀಡಿಯಾ ಕೂಡ ಕಪ್ಪಾಗುವ ಜಾತಿ. ಎರಡನ್ನೂ ಬೇರ್ಪಡಿಸಲು ತಟ್ಟೆಯನ್ನು ಕತ್ತಲೆಯಲ್ಲಿ ಅತಿನೇರಳೆ ದೀಪದಡಿ ಹಿಡಿಯುತ್ತಾರೆ. ಪ್ರಿವೊಟೆಲ್ಲಾ ಇಟ್ಟಿಗೆಗೆಂಪು ಹೊಳಪು ಕೊಡುತ್ತದೆ, ಜಿಂಜಿವಾಲಿಸ್ ಹೊಳೆಯುವುದಿಲ್ಲ. ಅನುಭವಿಗಳ ಕಣ್ಣು ಇಲ್ಲಿ ಯಾವ ಯಂತ್ರಕ್ಕೂ ಕಡಿಮೆಯಲ್ಲ.

ಇಷ್ಟು ತಡವಾದರೂ ಕಲ್ಚರ್ ಕೊಡುವ ಒಂದು ಉತ್ತರವನ್ನು ವೇಗದ ಪರೀಕ್ಷೆಗಳು ಅಷ್ಟು ನೇರವಾಗಿ ಕೊಡಲಾರವು: ಈ ರೋಗಿಯ ಬಾಯಿಯ ಈ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆ? ಬೆಳೆದ ಜೀವಿ ಕೈಯಲ್ಲಿದ್ದರೆ ಅದರ ಮೇಲೆ ಔಷಧ ಇಟ್ಟು ನೋಡಬಹುದು. ಕೊರತೆಯೂ ಚಿಕ್ಕದಲ್ಲ. ಬಾಯಲ್ಲಿ ಗುರುತಿಸಿರುವ ಏಳುನೂರಕ್ಕೂ ಮಿಕ್ಕ ಜಾತಿಗಳಲ್ಲಿ ಎಷ್ಟೋ ಇನ್ನೂ ತಟ್ಟೆಯ ಮೇಲೆ ಬೆಳೆದಿಲ್ಲ. ಸ್ಪೈರೋಕೀಟುಗಳಂತೂ ಬಹಳ ಹಟಮಾರಿಗಳು.

ಹಾಸು ಮತ್ತು ಹೊಕ್ಕು

ಬೆಳೆಸದೆಯೇ ಗುರುತಿಸುವ ಸರಳ ದಾರಿಯೊಂದಿದೆ. ಜಿಂಜಿವಾಲಿಸ್, ಟ್ರೆಪೊನೆಮಾ ಡೆಂಟಿಕೋಲಾ, ಟಾನರೆಲ್ಲಾ ಫೊರ್ಸೈಥಿಯಾ ಈ ಮೂರಕ್ಕೂ ಪ್ರೋಟೀನು ಕತ್ತರಿಸುವ ಒಂದೇ ಬಗೆಯ ಕಿಣ್ವವಿದೆ. ಮಿಷಿಗನ್ನಿನ ವಾಲ್ಟರ್ ಲೋಷೆ ಬೆಳೆಸಿದ ‘ಬಾನಾ’ ಪರೀಕ್ಷೆ ಅದನ್ನೇ ಹಿಡಿಯುತ್ತದೆ. ಕಾರ್ಡಿನ ಕೆಳಪಟ್ಟಿಗೆ ಪಾಚಿ ಸವರಿ, ಮೇಲ್ಪಟ್ಟಿಯನ್ನು ನೀರಿನಿಂದ ಒದ್ದೆ ಮಾಡಿ, ಮಡಚಿ, 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಐದು ನಿಮಿಷ ಇಟ್ಟರೆ ಮೇಲ್ಪಟ್ಟಿಯಲ್ಲಿ ನೀಲಿ ಮೂಡುತ್ತದೆ. ರೋಗಿ ಕುರ್ಚಿಯಿಂದ ಏಳುವ ಮುಂಚೆ ಉತ್ತರ ಸಿದ್ಧ. ಆದರೆ ಮೂರರಲ್ಲಿ ಯಾವುದು ಎಂದು ಆ ನೀಲಿ ಹೇಳುವುದಿಲ್ಲ.

ಈ ಕಸುಬಿನ ಅತಿ ಸುಂದರವಾದ ಕೆಲಸ ನಡೆದದ್ದು ಬಾಸ್ಟನ್ನಿನ ಫೊರ್ಸೈಥ್ ಸಂಸ್ಥೆಯಲ್ಲಿ. ಸಿಗ್ಮಂಡ್ ಸೊಕ್ರಾನ್ಸ್ಕಿ, ಆನ್ ಹಫಾಜಿ ಮತ್ತು ಜೊತೆಗಾರರ ಮುಂದಿದ್ದ ತೊಡಕು ಇದು: ಒಬ್ಬ ರೋಗಿಯ ಬಾಯಲ್ಲಿ 28 ಹಲ್ಲುಗಳಿದ್ದರೆ 28 ಮಾದರಿ, ಒಂದೊಂದರಲ್ಲೂ 40 ಜಾತಿಗಳನ್ನು ಹುಡುಕಬೇಕು. ಬಿಡಿಬಿಡಿಯಾಗಿ ಮಾಡಿದರೆ 1,120 ಪರೀಕ್ಷೆ. 1994ರಲ್ಲಿ ಅವರು ಪ್ರಕಟಿಸಿದ ಚೆಕರ್‌ಬೋರ್ಡ್ ವಿಧಾನ ಇಷ್ಟನ್ನೂ ಅಂಗೈಗಿಂತ ತುಸು ದೊಡ್ಡದಾದ ಒಂದು ನೈಲಾನ್ ಹಾಳೆಯ ಮೇಲೆ ಮುಗಿಸಿಬಿಟ್ಟಿತು.

ಮಗ್ಗ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಾದರಿಗಳನ್ನು ಕ್ಷಾರದಲ್ಲಿ ಕುದಿಸಿದಾಗ ಬ್ಯಾಕ್ಟೀರಿಯಾ ಒಡೆದು ಡಿಎನ್‌ಎಯ ಜೋಡಿ ಎಳೆಗಳು ಬಿಚ್ಚಿಕೊಳ್ಳುತ್ತವೆ. ಒಂದೊಂದು ಮಾದರಿಯನ್ನೂ ಹಾಳೆಯ ಮೇಲೆ ಒಂದೊಂದು ಉದ್ದ ಗೆರೆಯಾಗಿ ಹಾಸುತ್ತಾರೆ, ಇದು ಹಾಸು. ಪಕ್ಕದ ಎರಡು ಗೆರೆಗಳಲ್ಲಿ ಅಳತೆಗೆಂದು ಎಣಿಸಿಟ್ಟ ಬ್ಯಾಕ್ಟೀರಿಯಾ, ಒಂದರಲ್ಲಿ ಒಂದು ಲಕ್ಷ, ಇನ್ನೊಂದರಲ್ಲಿ ಹತ್ತು ಲಕ್ಷ. ಬಿಸಿ ಮಾಡಿ ಡಿಎನ್‌ಎ ಹಾಳೆಗೆ ಕಚ್ಚುವಂತೆ ಮಾಡಿದ ಮೇಲೆ ಹಾಳೆಯನ್ನು ಕಾಲುಸುತ್ತು ತಿರುಗಿಸುತ್ತಾರೆ. ಈಗ ಅಡ್ಡಲಾಗಿ ಹೊಕ್ಕು: ಒಂದೊಂದು ಗೆರೆಗೂ ಒಂದೊಂದು ಜಾತಿಯ ಗೊತ್ತಿರುವ ಡಿಎನ್‌ಎ, ಗುರುತು ಅಂಟಿಸಿದ್ದು. ರಾತ್ರಿಯಿಡೀ ಬಿಡುತ್ತಾರೆ. ಮಾದರಿಯಲ್ಲಿ ಆ ಜಾತಿ ಇದ್ದರೆ ಎರಡು ಎಳೆಗಳು ಕೂಡುವ ಕಡೆ ಡಿಎನ್‌ಎ ಜೋಡಿಯಾಗುತ್ತದೆ, ಹೊಂದದ್ದು ತೊಳೆದುಹೋಗುತ್ತದೆ. ಕೊನೆಗೆ ಗುರುತನ್ನು ಹುಡುಕಿ ಹಿಡಿಯುವ ರಾಸಾಯನಿಕ ಹಾಕಿದರೆ ಜೋಡಿಯಾದ ಕಡೆಯೆಲ್ಲ ಚುಕ್ಕಿ ಬೆಳಗುತ್ತದೆ. ಚುಕ್ಕಿಯ ಗಾಢತೆಯನ್ನು ಪಕ್ಕದ ಅಳತೆಗೆರೆಗಳ ಜೊತೆ ಹೋಲಿಸಿ ಸಂಖ್ಯೆ ಅಂದಾಜು ಮಾಡುತ್ತಾರೆ.

ಈ ವಿಧಾನದಿಂದ 185 ಮಂದಿಯ 13,261 ಮಾದರಿಗಳನ್ನು ನೋಡಿ 1998ರಲ್ಲಿ ಅವರು ಪ್ರಕಟಿಸಿದ ನಕ್ಷೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಬ್ಯಾಕ್ಟೀರಿಯಾಗಳು ಒಂಟಿಯಾಗಿ ಬಾರದೆ ಗುಂಪುಗೂಡಿ ಬರುತ್ತವೆ ಎಂದು ಕಂಡು, ಗುಂಪುಗಳಿಗೆ ಬಣ್ಣಗಳ ಹೆಸರಿಟ್ಟರು. ಬಾನಾ ಪರೀಕ್ಷೆ ಹಿಡಿಯುವ ಆ ಮೂರೂ ಸೇರಿದ್ದು ‘ಕೆಂಪು ಗುಂಪು’. ಪಾಕೆಟ್ ಆಳವಾದಷ್ಟೂ, ನೆತ್ತರು ಜಿನುಗಿದಷ್ಟೂ ಅವು ಹೆಚ್ಚು. ಅವಕ್ಕೆ ಮುಂಚೆ ಫ್ಯುಸೊಬ್ಯಾಕ್ಟೀರಿಯಂ ಮುಂತಾದ ‘ಕಿತ್ತಳೆ ಗುಂಪು’ ಬಂದು ನೆಲೆಯೂರಿರುತ್ತದೆ. ಇಂದು ಲ್ಯಾಬ್ ರಿಪೋರ್ಟುಗಳಲ್ಲಿ ಕಾಣುವ ಕೆಂಪು, ಕಿತ್ತಳೆ ಪಟ್ಟಿಗಳ ಮೂಲ ಇದೇ. ಈ ಹಾಳೆಗೂ ಮಿತಿಯುಂಟು: ಯಾವ ಜಾತಿಯ ಹೊಕ್ಕು ಹಾಕಿಲ್ಲವೋ ಆ ಜಾತಿ ಕಾಣುವುದಿಲ್ಲ.

ಒಂದು ಎರಡಾಗಿ, ಎರಡು ನಾಲ್ಕಾಗಿ

ಈಗ ಹೆಚ್ಚು ಬಳಕೆಯಲ್ಲಿರುವುದು ಪಿಸಿಆರ್; ಕೋವಿಡ್ ಕಾಲದಲ್ಲಿ ಎಲ್ಲರ ಕಿವಿಗೂ ಬಿದ್ದ ಹೆಸರು. ಹುಡುಕುವ ಜಾತಿಗೆ ಮಾತ್ರ ಹೊಂದುವ ಚಿಕ್ಕ ಡಿಎನ್‌ಎ ತುಣುಕುಗಳನ್ನು ಬೆರೆಸಿ, ಬಿಸಿ ಮಾಡಿ ತಣಿಸುವ ಒಂದೊಂದು ಸುತ್ತಿಗೂ ಆ ಭಾಗ ಇಮ್ಮಡಿಯಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಮೂವತ್ತು ಸುತ್ತಿನಲ್ಲಿ ಒಂದು ಪ್ರತಿ 107 ಕೋಟಿ ದಾಟುತ್ತದೆ. ಎಷ್ಟನೆಯ ಸುತ್ತಿನಲ್ಲಿ ಬೆಳಕು ಕಾಣಿಸಿತು ಎಂಬುದರಿಂದ ಮೊದಲು ಎಷ್ಟಿತ್ತು ಎಂದು ಲೆಕ್ಕ ಹಾಕಬಹುದು. ಬೇಗ ಕಂಡರೆ ಹೆಚ್ಚು, ತಡವಾದರೆ ಕಡಿಮೆ.

ಇಷ್ಟು ಹಿಗ್ಗಿಸುವ ಶಕ್ತಿ ಇರುವಲ್ಲಿ ಅಷ್ಟೇ ಎಚ್ಚರವೂ ಬೇಕು. ಹಿಂದಿನ ಪರೀಕ್ಷೆಯ ಕಣವೊಂದು ಹಾರಿ ಬಿದ್ದರೂ ಸುಳ್ಳು ಉತ್ತರ ಬರುತ್ತದೆ. ಆದ್ದರಿಂದ ಮಿಶ್ರಣ ತಯಾರಿಸುವ ಕೋಣೆ ಬೇರೆ, ಮಾದರಿ ಹಾಕುವ ಜಾಗ ಬೇರೆ, ಹಿಗ್ಗಿಸಿದ್ದನ್ನು ತೆರೆಯುವ ಕೋಣೆ ಬೇರೆ. ಪ್ರತಿ ಸಲವೂ ಒಂದು ನಳಿಕೆಯಲ್ಲಿ ಬರೀ ಶುದ್ಧ ನೀರನ್ನು ಇಡುತ್ತಾರೆ. ನೀರಿನಲ್ಲೇ ಬ್ಯಾಕ್ಟೀರಿಯಾ ಕಂಡರೆ ಆ ದಿನದ ಫಲಿತಾಂಶವನ್ನೆಲ್ಲ ಬಿಸಾಡಿ ಮೊದಲಿನಿಂದ ಶುರು ಮಾಡಬೇಕು. ಇದರ ಕುರುಡು ಎಲ್ಲಿದೆ ಎಂದರೆ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಬದುಕಿರುವುದರ ಡಿಎನ್‌ಎಯನ್ನೂ ಅದು ಒಂದೇ ಎಂದು ಎಣಿಸುತ್ತದೆ.

ಪಿಸಿಆರ್ ತನ್ನ ಸೊಗಸನ್ನು ಪೂರ್ತಿ ತೋರಿಸುವುದು ಎ.ಎ. ಎಂದು ದಂತವೈದ್ಯರು ಚುಟುಕಾಗಿ ಕರೆಯುವ ಅಗ್ರಿಗಾಟಿಬ್ಯಾಕ್ಟರ್ ಆಕ್ಟಿನೊಮೈಸೆಟೆಮ್‌ಕಾಮಿಟಾನ್ಸ್ ವಿಷಯದಲ್ಲಿ. ಹದಿಹರೆಯದವರ ಮೊದಲ ದವಡೆಹಲ್ಲು, ಮುಂಬಾಚಿ ಹಲ್ಲುಗಳ ಸುತ್ತ ಮೂಳೆ ಬೇಗ ಕರಗುವ ರೋಗದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಇದರ ಒಂದು ತಳಿ ಜೆಪಿ2. ವಿಷ ತಯಾರಿಸುವ ಜೀನಿನ ಮುಂದೆ ಇರಬೇಕಾದ 530 ಅಕ್ಷರಗಳಷ್ಟು ಡಿಎನ್‌ಎ ಇದರಲ್ಲಿ ಕಳಚಿಹೋಗಿದೆ. ಹಾಗಾಗಿ ಬಿಳಿ ರಕ್ತಕಣಗಳನ್ನು ಕೊಲ್ಲುವ ವಿಷವನ್ನು ಅದು ಹೇರಳವಾಗಿ ತಯಾರಿಸುತ್ತದೆ. ಆ ಭಾಗವನ್ನು ಹಿಗ್ಗಿಸಿ ಜೆಲ್ಲಿನಲ್ಲಿ ಓಡಿಸಿದರೆ ಜೆಪಿ2 ತಳಿಯ ಗಿಡ್ಡ ತುಣುಕು ಉಳಿದವಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ. ಬರಿಗಣ್ಣಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಮೊರೊಕ್ಕೊದ ಶಾಲಾಮಕ್ಕಳನ್ನು ಎರಡು ವರ್ಷ ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ತಳಿ ಇದ್ದ ಮಕ್ಕಳಿಗೆ ರೋಗ ಶುರುವಾಗುವ ಅಪಾಯ ಹಲವು ಪಟ್ಟು ಹೆಚ್ಚೆಂದು ಕಂಡಿತು. ಮುಂದಾಗುವುದನ್ನು ಬ್ಯಾಕ್ಟೀರಿಯಾ ಪರೀಕ್ಷೆ ಇಷ್ಟು ನಿಚ್ಚಳವಾಗಿ ಹೇಳಿದ ಉದಾಹರಣೆಗಳು ಅಪರೂಪ.

ರಿಪೋರ್ಟ್ ಓದುವ ಬಗೆ

ರಿಪೋರ್ಟ್ ಕೈಗೆ ಬಂದಾಗ ಅಂಕಿಗಳನ್ನು ಹತ್ತರ ಪಟ್ಟಿನಲ್ಲಿ ಓದಬೇಕು. ಹತ್ತು ಸಾವಿರ ಇದ್ದದ್ದು ಇಪ್ಪತ್ತು ಸಾವಿರವಾದರೆ ಅದು ಮಾದರಿ ತೆಗೆದ ಕೈಯ ಏರಿಳಿತವೇ ಇರಬಹುದು. ಹತ್ತು ಸಾವಿರ ಹತ್ತು ಲಕ್ಷವಾದರೆ ಗಮನಿಸಬೇಕಾದ ಮಾತು. ಆದರೆ ಕಡಿಮೆ ಎಂದರೆ ನಿರಪಾಯ ಎಂದೂ ಅಲ್ಲ. 2011ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಜಿಂಜಿವಾಲಿಸ್ ಒಟ್ಟು ಬ್ಯಾಕ್ಟೀರಿಯಾಗಳ ಶೇ 0.01ಕ್ಕಿಂತ ಕಡಿಮೆ ಇದ್ದಾಗಲೂ ಉಳಿದವುಗಳನ್ನು ಕೆರಳಿಸಿ ಮೂಳೆ ಕರಗುವಂತೆ ಮಾಡಿತು. ಬೇರೆ ಬ್ಯಾಕ್ಟೀರಿಯಾಗಳೇ ಇಲ್ಲದ ಇಲಿಗಳಲ್ಲಿ ಒಂಟಿಯಾಗಿ ಬಿಟ್ಟಾಗ ಅದರಿಂದ ಆ ಹಾನಿ ಆಗಲಿಲ್ಲ. ಇತ್ತ ವಸಡು ಚೆನ್ನಾಗಿರುವ ಎಷ್ಟೋ ಜನರ ಬಾಯಲ್ಲೂ ಕೆಂಪು ಗುಂಪಿನವು ಇರುವುದುಂಟು.

ಹೀಗಾಗಿ 2018ರಲ್ಲಿ ಪ್ರಕಟವಾದ, ಈಗ ಜಗತ್ತಿನಾದ್ಯಂತ ಬಳಸುವ ವಸಡಿನ ರೋಗದ ವರ್ಗೀಕರಣ ಬ್ಯಾಕ್ಟೀರಿಯಾದ ಹೆಸರನ್ನು ಮಾನದಂಡವಾಗಿ ಇಟ್ಟುಕೊಂಡಿಲ್ಲ. ನಾರು ಎಷ್ಟು ಕಳಚಿದೆ, ಮೂಳೆ ಎಷ್ಟು ಕರಗಿದೆ, ಹಲ್ಲು ಎಷ್ಟು ಬಿದ್ದಿವೆ, ರೋಗಿ ಸಿಗರೇಟು ಸೇದುತ್ತಾರೆಯೇ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ ಎಂದು ಅದು ಕೇಳುತ್ತದೆ. ಯುರೋಪಿನ ವಸಡು ತಜ್ಞರ ಒಕ್ಕೂಟದ 2020ರ ಮಾರ್ಗಸೂಚಿಯೂ ಎಲ್ಲರಿಗೂ ರೂಢಿಯಂತೆ ಆ್ಯಂಟಿಬಯೋಟಿಕ್ ಬೇಡ ಎನ್ನುತ್ತದೆ. ಪಾಕೆಟ್ ಶುಚಿಗೊಳಿಸಿ, ಮನೆಯಲ್ಲಿ ಸರಿಯಾಗಿ ಉಜ್ಜುವುದನ್ನು ಕಲಿಸಿದರೆ ಬಹುಪಾಲು ರೋಗಿಗಳು ಸುಧಾರಿಸುತ್ತಾರೆ.

ಹಾಗಾದರೆ ಪರೀಕ್ಷೆಯ ಜಾಗ ಎಲ್ಲಿ? ಆಳದಿಂದ ಶುಚಿಗೊಳಿಸಿದ ಮೇಲೂ ಪಾಕೆಟ್ ಕುಗ್ಗದೆ, ನೆತ್ತರು ನಿಲ್ಲದೆ ಉಳಿದವರಲ್ಲಿ. ಚಿಕ್ಕ ವಯಸ್ಸಿಗೇ ಮೂಳೆ ಕಳೆದುಕೊಳ್ಳುತ್ತಿರುವವರಲ್ಲಿ. ಆ್ಯಂಟಿಬಯೋಟಿಕ್ ಕೊಡಲೇಬೇಕಾದಾಗ ಯಾವುದು ಎಂದು ತೀರ್ಮಾನಿಸುವಲ್ಲಿ. ಚಿಕಿತ್ಸೆಯ ನಂತರ ಅದೇ ಪಾಕೆಟ್ಟಿನಲ್ಲಿ ಏನು ಬದಲಾಯಿತು ಎಂದು ನೋಡುವಲ್ಲಿ. ಇಂಥ ಕಡೆ ಲ್ಯಾಬಿನ ಅಂಕಿಯನ್ನು ಪ್ರೋಬಿನ ಅಳತೆ ಮತ್ತು ಎಕ್ಸ್‌ರೇ ಪಕ್ಕದಲ್ಲಿಟ್ಟು ಓದಿದರೆ ಅದು ನಿಜಕ್ಕೂ ಮಾತಾಡುತ್ತದೆ.

ಆದ್ದರಿಂದ ಯಾರಾದರೂ ಇಂಥ ಪರೀಕ್ಷೆ ಸೂಚಿಸಿದರೆ ರೋಗಿ ಕೇಳಬೇಕಾದ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಈ ರಿಪೋರ್ಟ್ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?’ ಎರಡಕ್ಕೂ ಒಂದೇ ಉತ್ತರವಾದರೆ ಪರೀಕ್ಷೆಯ ಖರ್ಚು ದಂಡ. ಕಾಗದದ ಕಡ್ಡಿಯನ್ನು ನೆತ್ತರು ಬಾರದಂತೆ ಇಳಿಸಬಲ್ಲ, ಕಪ್ಪು ಕಾಲನಿಯ ಅಂಚು ನೋಡಿ ಜಾತಿ ಹೇಳಬಲ್ಲ ಪಳಗಿದ ಕಸುಬುದಾರರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ತಮ್ಮ ಪರೀಕ್ಷೆ ಏನನ್ನು ಹೇಳಬಲ್ಲದು ಎಂಬುದು ಅವರಿಗೆ ಗೊತ್ತಿರುವುದರಿಂದಲೇ, ಎಷ್ಟೋ ಸಲ ‘ಇದು ನಿಮಗೆ ಬೇಡ’ ಎಂದು ಅವರೇ ಮೊದಲು ಹೇಳಿರುತ್ತಾರೆ.